ನಿಂಗಾಜಮ್ಮನ ಹಗುರ ಜೋಡು

ಎರಡಲ್ಲ, ಮೂರಲ್ಲ, ಒಂದೇ ಒಂದು ಊರಿನಲ್ಲಿ ಒಬ್ಬ ರಾಜ ಇದ್ದ. ಹತ್ತಿರ ಬಂದು ಕೂತ್ಕೊಳ್ಳಿ, ಬೆಂಕಿ ಎಲ್ಲರಿಗೂ ಆಗುವಷ್ಟಿದೆ. ಊರಿನ ಹೆಸರು ಮುಳುಗೂರು. ರಾಜನ ಹೆಸರು ಭಾರಭೂಪತಿ.

ಆ ರಾಜನಿಗೆ ಯುದ್ಧ ಬೇಡ, ಬೇಟೆ ಬೇಡ, ಪಾಯಸವೂ ಬೇಡ. ಜೋಡು ಬೇಕು. ಕಾಲಿಗೆ ಹಾಕುವ ಜೋಡು. ಅದೂ ಭಾರವಾದ ಜೋಡು. ಮನುಷ್ಯನ ಮರ್ಯಾದೆಯೆಲ್ಲ ಅವನ ಜೋಡಿನ ತೂಕದಲ್ಲಿದೆ ಅಂತ ಅವನ ನಂಬಿಕೆ. ಪಟ್ಟಕ್ಕೆ ಬಂದ ದಿನವೇ ಡಂಗುರ ಹೊಡೆಸಿದ.

"ಕೇಳ್ರಪ್ಪೋ ಕೇಳಿ! ಇನ್ನು ಮೇಲೆ ಜೋಡಿಲ್ಲದೆ ಯಾರೂ ಹೊಸಲು ದಾಟಬಾರದು. ದಾಟಿದವರ ಕಾಲು ಅರಮನೆಗೆ ಜಮಾ!"

ಕಾಲು ಅರಮನೆಗೆ ಜಮಾ ಆದರೆ ಕಾಲಿನ ಮೇಲಿರುವ ಮನುಷ್ಯನೂ ಅಲ್ಲೇ ಇರಬೇಕಾಗುತ್ತದಲ್ಲ? ಹಾಗಾಗಿ ಜನ ಹೆದರಿದರು. ಎಲ್ಲರೂ ಜೋಡು ಹಾಕಿಕೊಂಡರು. ಮಂತ್ರಿ ತೂಕಪ್ಪಯ್ಯನ ಜೋಡಿಗೆ ಬೀಸುವ ಕಲ್ಲಿನ ಅಟ್ಟೆ. ಸೇನಾಪತಿಯದಕ್ಕೆ ಕಮ್ಮಾರನ ಅಡಿಗಲ್ಲು. ಬಡವರಿಗೆ ಇಟ್ಟಿಗೆ. ರಾಜನ ಜೋಡನ್ನು ಮಾತ್ರ ಗಂಟೆ ಎರಕ ಹೊಯ್ಯುವವರು ಕಂಚಿನಲ್ಲಿ ಹೊಯ್ದರು. ಒಂದೊಂದೂ ಗಾಡಿಯಷ್ಟು ದೊಡ್ಡದು. ರಾಜ ಬಯಲಲ್ಲಿ ನಿಂತು ಅದರೊಳಗೆ ಕಾಲಿಟ್ಟ. ಇಟ್ಟವನಿಗೆ ಎತ್ತಲಾಗಲಿಲ್ಲ. ಸರಿ, ಸಿಂಹಾಸನವನ್ನೇ ತಂದು ಅವನ ಹಿಂದಿಟ್ಟರು. ಸಿಂಹಾಸನದ ಸುತ್ತ ಅರಮನೆ ಕಟ್ಟಿದರು. ಅವತ್ತು ಕೂತ ರಾಜ ಮತ್ತೆ ಎದ್ದಿರಲಿಲ್ಲ.

ಊರ ಪಕ್ಕದಲ್ಲೇ ಕರಿಹೊಳೆ ಹರಿಯುತ್ತಿತ್ತು. ಆ ಭಾರದ ಜೋಡು ಹಾಕಿಕೊಂಡು ಜನ ದೋಣಿ ಹತ್ತಿದರು. ದೋಣಿ "ಅಯ್ಯಮ್ಮಾ" ಅಂದಿತು. ಮುಳುಗಿತು. ಇನ್ನೊಂದು ದೋಣಿ ತಂದರು. ಅದೂ "ಅಯ್ಯಮ್ಮಾ" ಅಂದಿತು. ಮುಳುಗಿತು. ಉಳಿದ ದೋಣಿಗಳು ತಾವಾಗಿಯೇ ದಡ ಹತ್ತಿ ಬೋರಲು ಬಿದ್ದುಕೊಂಡವು. "ನಮ್ಮ ಕೈಲಾಗಲ್ಲ, ಬೇಕಾದರೆ ನಮ್ಮಡಿ ಕೋಳಿ ಕವುಚಿಕೊಳ್ಳಿ" ಅಂದವು. ಹಾಗೆ ದೋಣಿ ನಿಂತಿತು. ಈಜಂತೂ ಮೊದಲೇ ನಿಂತಿತ್ತು.

ಆ ಊರಿನಲ್ಲಿ ನಿಂಗಾಜಮ್ಮ ಅಂತ ಒಬ್ಬಳು ಮುದುಕಿ. ಹಪ್ಪಳ ಲಟ್ಟಿಸಿ ಜೀವನ ಮಾಡುತ್ತಿದ್ದಳು. ತಲೆಕೂದಲು ಪೂರಾ ಬಿಳಿ, ನಾಲಿಗೆ ಪೂರಾ ಖಾರ. ಅವಳ ಅಕ್ಕ ಸಾಕಮ್ಮನನ್ನು ಹೊಳೆಯಾಚೆಯ ಆಚೆಪಾಳ್ಯಕ್ಕೆ ಕೊಟ್ಟಿತ್ತು. ಆಚೆಪಾಳ್ಯ ಭಾರಭೂಪತಿಯ ರಾಜ್ಯಕ್ಕೆ ಸೇರಿರಲಿಲ್ಲ. ಅಲ್ಲಿಯವರು ಬರಿಗಾಲಲ್ಲಿ ಆರಾಮವಾಗಿದ್ದರು. ಚಿಕ್ಕವರಿದ್ದಾಗ ಅಕ್ಕತಂಗಿಯರು ಕರಿಹೊಳೆಯಲ್ಲಿ ಕಪ್ಪೆಗಳ ಹಾಗೆ ಈಜಿದವರು. ದೊಡ್ಡವರಾದ ಮೇಲೆ ಹಬ್ಬಕ್ಕೊಮ್ಮೆ ದೋಣಿಯಲ್ಲಿ ಹೋಗಿ ಬಂದು ಮಾಡುತ್ತಿದ್ದರು. ದೋಣಿ ನಿಂತ ಮೇಲೆ ಈ ದಡದಲ್ಲಿ ಇವಳು, ಆ ದಡದಲ್ಲಿ ಅವಳು ನಿಂತು ಕೂಗಿಕೊಳ್ಳುವುದೇ ಆಯಿತು. ಹೊಳೆ ಅಗಲ. ಅರ್ಧ ಮಾತು ನೀರಿಗೆ ಬೀಳುತ್ತಿತ್ತು. ಬಿದ್ದದ್ದನ್ನು ಮೀನು ತಿನ್ನುತ್ತಿದ್ದವು.

ಒಂದು ದಿನ ಬೆಳಗ್ಗೆ ಸಾಕಮ್ಮ ಏನೋ ಉದ್ದಕ್ಕೆ ಕೂಗಿದಳು. ಈಚೆ ದಡಕ್ಕೆ ಬಂದದ್ದು ಕೊನೆಯ ತುಂಡು ಮಾತ್ರ.

"...ಇಲ್ಲ!"

"ಏನಿಲ್ಲ ಅಕ್ಕಾ?" ಅಂತ ನಿಂಗಾಜಮ್ಮ ಕೂಗಿದಳು.

"...ಇಲ್ಲ!"

"ಅದೇ ಏನಿಲ್ಲಾ?"

"...ಇಲ್ಲ!"

ನಿಂಗಾಜಮ್ಮ ಮನೆಗೆ ಬಂದಳು. ಊಟ ಸೇರಲಿಲ್ಲ. ಅಕ್ಕನ ಮನೆಯಲ್ಲಿ ಅಕ್ಕಿ ಇಲ್ಲವೋ? ಮೈಯಲ್ಲಿ ಹುಷಾರಿಲ್ಲವೋ? ನಾನಿನ್ನು ಹೆಚ್ಚು ದಿನ ಇಲ್ಲ ಅಂದಳೋ? ಲಟ್ಟಿಸಿದ ಹಪ್ಪಳವೆಲ್ಲ ಅವತ್ತು ಸೊಟ್ಟಸೊಟ್ಟ ಬಂದವು. ಕೊನೆಗೆ ಲಟ್ಟಣಿಗೆ ಕೆಳಗಿಟ್ಟು ಅವಳು ಗಟ್ಟಿಯಾಗಿ ಹೇಳಿದಳು: "ಈಜಿಕೊಂಡು ಹೋಗಿ ಕೇಳಿ ಬರ್ತೀನಿ."

ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು. "ಈ ವಯಸ್ಸಿಗೆ ಈಜಾ?" ಅಂದರು.

"ನೀರಿಗೇನು ನನ್ನ ವಯಸ್ಸು ಗೊತ್ತಾ?"

"ಇಟ್ಟಿಗೆ ಕಟ್ಟಿಕೊಂಡು ಈಜೋಕಾಗುತ್ತಾ? ಬರಿಗಾಲಲ್ಲಿ ಹೋದರೆ ಕಾಲು ಜಮಾ ಆಗುತ್ತೆ. ಅಲ್ಲದೆ ದಡದಲ್ಲೆಲ್ಲ ಕಪ್ಪೆಚಿಪ್ಪು, ಕುಡುಗೋಲಿನ ಹಾಗಿವೆ. ಕಲ್ಲೆಲ್ಲ ಪಾಚಿ."

"ಹಾಗಾದರೆ ಈಜುವ ಜೋಡು ಮಾಡಿಸ್ಕೋತೀನಿ."

ಜನ ನಕ್ಕರು. ನಗುವಾಗ ಅವರ ಇಟ್ಟಿಗೆಗಳೂ ನಕ್ಕವು. ನಿಂಗಾಜಮ್ಮ ನಗಲಿಲ್ಲ. ನೆಟ್ಟಗೆ ಜೋಡಿನ ಹನುಮಯ್ಯನ ಅಂಗಡಿಗೆ ಹೋದಳು.

ಹನುಮಯ್ಯ ಊರಿಗೆಲ್ಲ ಜೋಡು ಮಾಡಿಕೊಡುವವನು. ಜೋಡು ಎತ್ತಿ ಎತ್ತಿ ಅವನ ಬೆನ್ನು ಬಗ್ಗಿಹೋಗಿತ್ತು.

"ನೋಡಪ್ಪಾ, ನನಗೆ ಕಡಿಮೆ ಜೋಡು ಬೇಕು" ಅಂದಳು.

"ಕಡಿಮೆ ಬೆಲೆದಾ ಅಮ್ಮ?"

"ಬೆಲೆ ಅಲ್ಲಪ್ಪ. ಜೋಡೇ ಕಡಿಮೆ ಇರಬೇಕು. ಇದೆ ಅಂತ ಅನ್ನಿಸಬೇಕು, ಇದೆಯಾ ಅಂತ ಹುಡುಕಬೇಕು. ಈಜುವಾಗ ಉದುರಬಾರದು. ದೋಣಿ ಹತ್ತಿದರೆ ಜಾರಬಾರದು. ನೀರು ಒಳಗೆ ಬಂದರೆ ಕೂತ್ಕೋಬಾರದು, ಬಂದ ದಾರೀಲಿ ಎದ್ದು ಹೋಗಬೇಕು."

ಹನುಮಯ್ಯ ಕದ ಹಾಕಿಕೊಂಡು ಬಂದ. "ಅಮ್ಮ, ಇದನ್ನ ಮಾಡಿದರೆ ನನ್ನ ಕಾಲೂ ಹೋಗುತ್ತೆ."

"ಜೋಡು ಇರಬೇಕು ಅಂತ ಡಂಗುರ. ಇಷ್ಟೇ ತೂಕ ಇರಬೇಕು ಅಂತ ಯಾರಾದರೂ ಹೇಳಿದರಾ?"

ಹನುಮಯ್ಯ ತಲೆ ಕೆರೆದುಕೊಂಡ. ನಿಜ, ಯಾರೂ ಹೇಳಿರಲಿಲ್ಲ. ಕಡಿಮೆ ಬೇಕು ಅನ್ನುವ ಮನುಷ್ಯ ಹುಟ್ಟಬಹುದು ಅಂತ ರಾಜನಿಗೆ ಹೊಳೆದೇ ಇರಲಿಲ್ಲ.

ಮೊದಲು ಅವನು ಒಳಗೆಲ್ಲ ಕುರಿಯ ಉಣ್ಣೆ ಹಾಕಿ ಮೆತ್ತನೆಯ ತೊಗಲಿನ ಜೋಡು ಮಾಡಿದ. ಹಿತ್ತಲ ತೊಟ್ಟಿಯಲ್ಲಿ ನಿಂಗಾಜಮ್ಮ ಕಾಲಿಟ್ಟಳು. ಜೋಡು "ಬಾಯಾರಿಕೆ" ಅಂದಿತು. ತೊಟ್ಟಿಯ ನೀರು ಕುಡಿಯಿತು. ಪಕ್ಕದ ಕೊಡದ ನೀರು ಕುಡಿಯಿತು. ಹನುಮಯ್ಯನ ಹೆಂಡತಿ ಮಜ್ಜಿಗೆ ತಂದಿದ್ದಳು, ಅದನ್ನೂ ಕುಡಿಯಿತು. ಕುಡಿದು ಕುಡಿದು ಎಮ್ಮೆಯಷ್ಟು ದಪ್ಪ ಆಯಿತು. ಇಬ್ಬರೂ ಸೇರಿ ಅವಳನ್ನು ಅದರೊಳಗಿಂದ ಎಳೆದು ತೆಗೆಯಬೇಕಾಯಿತು.

"ಇದು ಬೇಡ" ಅಂದಳು.

ಆಮೇಲೆ ಬೆಂಡಿನ ಜೋಡು ಮಾಡಿದ. ಬೆಂಡು ತೇಲುತ್ತದಲ್ಲ? ತೇಲಿತು. ಕಾಲು ಮೇಲೆ, ತಲೆ ಕೆಳಗೆ. ನೀರು ತುಂಬಿಸಿದ ತೊಟ್ಟಿಯಲ್ಲಿ ಅವಳು ಉಲ್ಟಾ ನಿಂತಿದ್ದಾಗ ಪಕ್ಕದ ಮನೆಯವಳು ಬಂದು ಅವಳ ಅಂಗಾಲಿಗೆ "ಏನಮ್ಮ, ಹುಷಾರಾಗಿದ್ದೀರಾ? ಯಾಕೋ ಮುಖ ಸಪ್ಪಗಿದೆ" ಅಂತ ವಿಚಾರಿಸಿಕೊಂಡು ಹೋದಳು.

"ಇದೂ ಬೇಡ" ಅಂದಳು ನಿಂಗಾಜಮ್ಮ, ಮೂಗಿನಿಂದ ನೀರು ಸೀನುತ್ತ.

ಮೂರನೆಯದು ಮೀನಿನ ತೊಗಲಿನ ಜೋಡು. ತೆಳ್ಳಗಿತ್ತು, ಚೆಂದಕ್ಕಿತ್ತು. ಇದನ್ನು ತೊಟ್ಟಿಯಲ್ಲಿ ಬೇಡ ಅಂತ ಹೊಳೆಗೇ ಒಯ್ದರು. ನೀರು ಕಂಡದ್ದೇ ತಡ, ಜೋಡು "ನಮ್ಮೂರು ಬಂತು, ಬರ್ತೀನಿ" ಅಂದು ಕಾಲಿಂದ ಕಳಚಿಕೊಂಡು ಬಾಲ ಆಡಿಸುತ್ತ ಹೊರಟೇಹೋಯಿತು.

ಹನುಮಯ್ಯ ದಡದ ಮೇಲೆ ಕುಸಿದು ಕೂತ. "ಅಮ್ಮ, ನನ್ನಿಂದಾಗಲ್ಲ. ಇದಕ್ಕೆ ಇನ್ನೇನು ಹಾಕಲಿ?"

"ಹಾಕಬೇಡ. ತೆಗಿ."

"ಏನು ತೆಗೀಲಿ?"

"ಬೇಡದ್ದು ತೆಗಿ. ನಾನು ಸಾಕು ಅನ್ನೋವರೆಗೂ ತೆಗಿ."

ಹನುಮಯ್ಯ ಅಂಗಡಿಗೆ ಬಂದು ಒಂದು ಹಳೆಯ ಜೋಡು ತಗೊಂಡು ತೆಗೆಯಲಿಕ್ಕೆ ಕೂತ. ಗೆಜ್ಜೆ ತೆಗೆದ. "ಇನ್ನೂ" ಅಂದಳು. ಹಿಮ್ಮಡಿ ತೆಗೆದ. "ಇನ್ನೂ." ಉಣ್ಣೆ ತೆಗೆದ. "ಇನ್ನೂ." ಮೇಲಿನ ತೊಗಲು ತೆಗೆದ. ಅಟ್ಟೆಯನ್ನು ಹೆರೆದು ಹೆರೆದು ಅವಳ ಹಪ್ಪಳದಷ್ಟು ತೆಳ್ಳಗೆ ಮಾಡಿದ. ತೆಗೆಯುತ್ತಾ ತೆಗೆಯುತ್ತಾ ಅವನಿಗೆ ಖುಷಿ ಬಂತು. ಬಗ್ಗಿದ್ದ ಬೆನ್ನು ಒಂದಿಷ್ಟು ನೆಟ್ಟಗಾಯಿತು. "ಇನ್ನೂ ತೆಗೀಲಾ ಅಮ್ಮ? ನಿಮ್ಮ ಕಾಲನ್ನೂ ತೆಗೀಲಾ?" ಅಂದ.

"ಅಷ್ಟು ಬೇಡ, ಸಾಕು" ಅಂದಳು.

ಮೇಲ್ಗಡೆ ಮೀನಿನ ಬಲೆಯ ಒಂದು ತುಂಡು ಹೊಲಿದರು, ನೀರು ಬಂದು ಹೋಗಲಿ ಅಂತ. ಹಿಮ್ಮಡಿಯ ಹಿಂದೆ ಒಂದು ಬಾರು ಬಿಗಿದರು, ಉದುರದೆ ಇರಲಿ ಅಂತ. ಬೆರಳಾಡುವಷ್ಟು ಮುಂದೆ ಜಾಗ ಬಿಟ್ಟರು. ಜಾರದಿರುವುದಕ್ಕೆ ಏನು ಮಾಡುವುದು? ಗೋಡೆಯ ಮೇಲೆ ಹಲ್ಲಿ ಇತ್ತು.

"ನಿನ್ನ ಅಂಗಾಲಲ್ಲಿ ಗೆರೆ ಇದೆಯಲ್ಲ, ಹಾಗೆ ಅಟ್ಟೆಗೆ ಗೆರೆ ಕೊರೆದರೆ ಆಗುತ್ತಾ?" ಅಂತ ನಿಂಗಾಜಮ್ಮ ಕೇಳಿದಳು.

"ಲೊಚ್ ಲೊಚ್" ಅಂತು ಹಲ್ಲಿ. ಹಲ್ಲಿ ಲೊಚಗುಟ್ಟಿದ ಮೇಲೆ ಇನ್ನೇನು? ಕೊರೆದರು.

ಜೋಡು ತಯಾರಾಯಿತು. ನಿಂಗಾಜಮ್ಮ ಕಾಲಿಗೆ ಹಾಕಿಕೊಂಡಳು. ಕೆಳಗೆ ಬಿದ್ದಿದ್ದ ಮೆಂತ್ಯದ ಕಾಳು ಕಾಲಿಗೆ ತಿಳಿಯಿತು, ಆದರೆ ಚುಚ್ಚಲಿಲ್ಲ.

"ಹೇಗಿದ್ದೀಯಪ್ಪಾ?" ಅಂತ ಜೋಡನ್ನು ಕೇಳಿದಳು.

"ಹ್ಞೂಂ" ಅಂತು ಜೋಡು. ಅದರಲ್ಲಿ ಇದ್ದದ್ದೇ ಅಷ್ಟು ಸ್ವಲ್ಪ, ಹೆಚ್ಚು ಮಾತು ಎಲ್ಲಿಂದ ಬರಬೇಕು?

ಆದರೆ ಬೀದಿಗೆ ಬಂದದ್ದೇ ಸಿಕ್ಕಿಬಿದ್ದಳು. ಮುಳುಗೂರಿನಲ್ಲಿ ಎಲ್ಲರೂ ಧಡಂ ಧಡಂ ಅಂತ ನಡೆಯುವವರು. ಇವಳೊಬ್ಬಳು ಸದ್ದಿಲ್ಲದೆ ಬಂದಳು. ಕಾವಲಿನವರು ಸದ್ದಿಲ್ಲದ ಕಡೆಗೆ ತಿರುಗಿ ನೋಡಿದರು. ಹಿಡಿದರು. ಅರಮನೆಗೆ ಒಯ್ದರು.

ಭಾರಭೂಪತಿ ತನ್ನ ಕಂಚಿನ ಜೋಡಿನೊಳಗೆ ಕಾಲಿಟ್ಟುಕೊಂಡು ಕೂತಿದ್ದ. ಮಂತ್ರಿ ತೂಕಪ್ಪಯ್ಯ ತಕ್ಕಡಿ ತಂದ. ಒಂದು ತಟ್ಟೆಯಲ್ಲಿ ನಿಂಗಾಜಮ್ಮನ ಜೋಡಿಟ್ಟ. ಇನ್ನೊಂದು ತಟ್ಟೆಯಲ್ಲಿ ಏನೂ ಇರಲಿಲ್ಲ. ಏನೂ ಇಲ್ಲದ ತಟ್ಟೆಯೇ ಕೆಳಗೆ ಹೋಯಿತು.

ಸಭೆ ಹೌಹಾರಿತು.

"ಏನೂ ಇಲ್ಲದ್ದಕ್ಕಿಂತ ಕಡಿಮೆ!" ಅಂತ ರಾಜ ಗುಡುಗಿದ. "ಇದು ಜೋಡಲ್ಲ. ಇವಳು ಬರಿಗಾಲಿನವಳಿಗಿಂತ ಬರಿಗಾಲು!"

"ಜೋಡನ್ನೇ ಕೇಳಿ ಸ್ವಾಮಿ" ಅಂದಳು ನಿಂಗಾಜಮ್ಮ.

ಮಂತ್ರಿ ಬಗ್ಗಿ ಕೇಳಿದ. "ಎಲೈ, ನೀನು ಜೋಡೋ?"

"ಹ್ಞೂಂ."

"ಮಹಾರಾಜರ ಪಾದರಕ್ಷೆಯೂ ನೀನೂ ಒಂದೇ ಜಾತಿಯೋ?"

"ಊಹ್ಞೂಂ."

ಇದನ್ನು ಕೇಳಿ ರಾಜನ ಬಲಗಾಲಿನ ಜೋಡಿಗೆ ಸಿಟ್ಟು ಬಂತು. ಭಾರದ ಜೋಡು, ಮಾತೂ ಭಾರ. "ಅನಾದಿಕಾಲದಿಂದ ಆಚಂದ್ರಾರ್ಕವಾಗಿ ಪಾದಪಂಕಜಗಳನ್ನು ಪರಿಪಾಲಿಸುತ್ತಿರುವ ನಾವು..." ಅಂತ ಶುರುಮಾಡಿತು. ಅದು ಮುಗಿಯುವಷ್ಟರಲ್ಲಿ ಸಭೆಯವರು ಊಟ ಮಾಡಿ, ಒಂದು ನಿದ್ದೆ ತೆಗೆದು ಎದ್ದರು.

ರಾಜನಿಗೂ ಸುಸ್ತಾಗಿತ್ತು. ದನಿ ಇಳಿಸಿದ. "ನೋಡು ನಿಂಗಾಜಮ್ಮ, ಯಾಕೆ ಹಟ? ನಿನಗೆ ಮಂತ್ರಿಯ ತೂಕದ ಜೋಡು ಮಾಡಿಸಿಕೊಡ್ತೀನಿ. ಹಾಕ್ಕೊಂಡು ಮರ್ಯಾದೆಯಾಗಿ ಕೂತಿರು."

"ಕೂತರೆ ಅಕ್ಕನ್ನ ನೋಡೋದು ಹೇಗೆ ಸ್ವಾಮಿ?"

"ಅಕ್ಕ ದೊಡ್ಡವಳೋ, ಮರ್ಯಾದೆ ದೊಡ್ಡದೋ?"

"ಅಕ್ಕನೇ ದೊಡ್ಡವಳು. ನನಗಿಂತ ಮೊದಲು ಹುಟ್ಟಿದವಳು."

ರಾಜ ಸಿಂಹಾಸನದ ಕೈ ಗುದ್ದಿದ. "ಹೋಗು ಹಾಗಾದರೆ! ಆದರೆ ಒಂದು ಮಾತು. ಒದ್ದೆ ಜೋಡಲ್ಲಿ ನನ್ನ ರಾಜ್ಯದೊಳಗೆ ಕಾಲಿಡುವ ಹಾಗಿಲ್ಲ. ಒಣ ಜೋಡಲ್ಲಿ ಬರೋದಾದರೆ ಬಾ."

ಹೊಳೆ ಈಜಿ ಬರುವವಳ ಜೋಡು ಒಣಗಿರುವುದುಂಟೆ? ಹೋದರೆ ಹೋದ ಹಾಗೆಯೇ. ನಿಂಗಾಜಮ್ಮನ ಮನೆ ಈ ದಡದಲ್ಲಿ. ಒಣಹಾಕಿದ ಹಪ್ಪಳ ಈ ದಡದಲ್ಲಿ. ಹುಟ್ಟಿದ ಮಣ್ಣು ಈ ದಡದಲ್ಲಿ. ಸಭೆಯವರೆಲ್ಲ ಅವಳ ಮುಖ ನೋಡಿದರು, ಈಗ ಬಗ್ಗುತ್ತಾಳೆ ಅಂತ. ಅವಳು ಬಗ್ಗಿದಳು. ಬಗ್ಗಿ ಜೋಡಿನ ಬಾರು ಬಿಗಿ ಮಾಡಿಕೊಂಡಳು.

"ಹೋಗ್ತೀನಿ" ಅಂದಳು.

ಊರೆಲ್ಲ ದಡಕ್ಕೆ ಬಂತು. ನಿಂಗಾಜಮ್ಮ ಸೀರೆ ಕಚ್ಚೆ ಕಟ್ಟಿದಳು. ಕಪ್ಪೆಚಿಪ್ಪಿನ ಮೇಲೆ ನಡೆದಳು, ಕುಯ್ಯಲಿಲ್ಲ. ಪಾಚಿ ಕಲ್ಲಿನ ಮೇಲೆ ನಿಂತಳು, ಜಾರಲಿಲ್ಲ. ನೀರಿಗೆ ಬಿದ್ದಳು. ನೀರು ಬಲೆಯ ಕಣ್ಣಲ್ಲಿ ಬಂದು ಬಲೆಯ ಕಣ್ಣಲ್ಲೇ ಹೋಯಿತು. ಕೈ ಬೀಸಿದಳು, ಕಾಲು ಒದ್ದಳು. ನಡು ಹೊಳೆಯಲ್ಲಿ ಉಸಿರು ಸಿಕ್ಕಿಕೊಂಡಿತು. ಸೆಳೆತ ಕೆಳಕ್ಕೆ ಎಳೆಯಿತು. ತೋಳು ಸೋತವು. "ಏನು ಮಾಡೋಣ, ತಿರುಗೋಣವಾ?" ಅಂತ ಜೋಡನ್ನು ಕೇಳಿದಳು. "ಊಹ್ಞೂಂ" ಅಂತು. ಅಂಗಾತ ತಿರುಗಿ ಸ್ವಲ್ಪ ಹೊತ್ತು ತೇಲಿದಳು. ಉಸಿರು ಬಂತು. ಮತ್ತೆ ಒದ್ದಳು. ಆಚೆ ದಡ ಸಿಕ್ಕಿತು.

ಸಾಕಮ್ಮ ಮೊಣಕಾಲುದ್ದ ನೀರಿಗೆ ಇಳಿದು ನಿಂತಿದ್ದಳು. ತಂಗಿಯ ಕೈ ಹಿಡಿದು ಎಳೆದುಕೊಂಡಳು.

"ಏನಿಲ್ಲ ಅಕ್ಕಾ? ಅದನ್ನ ಹೇಳು ಮೊದಲು! ಅಕ್ಕಿ ಇಲ್ವಾ? ಹುಷಾರಿಲ್ವಾ?"

"ನಿಮ್ಮ ಭಾವ ತೀರಿಹೋದರು ಕಣೆ" ಅಂದಳು ಸಾಕಮ್ಮ. "ಜಗಳ ಆಡೋಕೆ ಯಾರೂ ಇಲ್ಲ ಅಂದೆ."

ಇಬ್ಬರೂ ನೀರಲ್ಲೇ ಅಪ್ಪಿಕೊಂಡು ಅತ್ತರು. ಹೊಳೆ ಒಂದಿಷ್ಟು ಏರಿತು. ಅತ್ತು ಮುಗಿದ ಮೇಲೆ ಸಾಕಮ್ಮ ಕೇಳಿದಳು: "ಇಷ್ಟು ತಡ ಯಾಕೆ ಮಾಡಿದೆ?"

"ನೀನು ಪೂರ್ತಿ ಮಾತು ಯಾಕೆ ಕೂಗಲಿಲ್ಲ?"

"ನಾನು ಪೂರ್ತಿನೇ ಕೂಗಿದೆ, ನಿನ್ನ ಕಿವಿ ಅರ್ಧ!"

"ನನ್ನ ಕಿವಿ ಸರಿಯಿದೆ, ನಿನ್ನ ಬಾಯಿ ಅರ್ಧ!"

ಹಾಗೆ ಹೊಟ್ಟೆ ತುಂಬ ಜಗಳ ಆಡಿದರು. ಸಾಕಮ್ಮನ ಮುಖಕ್ಕೆ ಕಳೆ ಬಂತು. "ನನಗೆ ನಮ್ಮೂರು ನೋಡಬೇಕು ಕಣೆ" ಅಂದಳು. ನಿಂಗಾಜಮ್ಮ ರಾಜನ ಮಾತು ಹೇಳಿದಳು. ಸಾಕಮ್ಮ, "ನಾನು ಹುಟ್ಟಿದ ಊರಿಗೆ ಹೋಗೋಕೆ ಅವನ್ಯಾವನು ಅಪ್ಪಣೆ ಕೊಡೋನು? ನಡಿ" ಅಂದಳು. ಜೋಡು ಇದ್ದದ್ದು ಒಂದೇ ಜೊತೆ. ಅಕ್ಕನ ಬಲಗಾಲಿಗೆ ಒಂದು, ತಂಗಿಯ ಎಡಗಾಲಿಗೆ ಒಂದು ಹಾಕಿಕೊಂಡು ಇಬ್ಬರೂ ನೀರಿಗೆ ಬಿದ್ದರು.

ಈಚೆ ದಡದಲ್ಲಿ ಕಾವಲಿನವರು ಈಟಿ ಹಿಡಿದು ನಿಂತಿದ್ದರು. "ಒದ್ದೆ ಜೋಡಲ್ಲಿ ರಾಜ್ಯದೊಳಗೆ ಕಾಲಿಡಬಾರದು!"

"ಯಾರು ಕಾಲಿಡ್ತಾರೆ?" ಅಂದಳು ನಿಂಗಾಜಮ್ಮ. ದಡದ ಅಂಚಿಗೆ ಬಂದು ಹಿಂದಕ್ಕೆ ತಿರುಗಿ ಕೂತಳು. ಮೈ ರಾಜ್ಯದಲ್ಲಿ, ಕಾಲು ಹೊಳೆಯಲ್ಲಿ. ಸಾಕಮ್ಮನೂ ಪಕ್ಕಕ್ಕೆ ಕೂತಳು.

ಕಾವಲಿನವರು ಬಗ್ಗಿ ನೋಡಿದರು. ಕಾಲು ಇಟ್ಟಿಲ್ಲ, ನಿಜ. "ಆದರೆ ಒಬ್ಬೊಬ್ಬರಿಗೆ ಒಂದೊಂದೇ ಇದೆಯಲ್ಲ! ಜೋಡೆಲ್ಲಿ?"

ಸಾಕಮ್ಮ ತಂಗಿಯ ಹೆಗಲ ಮೇಲೆ ಕೈ ಹಾಕಿದಳು. "ಇಲ್ಲೇ ಕೂತಿಲ್ವೇನಯ್ಯಾ, ಜೋಡು?"

ಹನುಮಯ್ಯ ಬಂದ. ತನ್ನ ಇಟ್ಟಿಗೆ ಬಿಚ್ಚಿಟ್ಟು ಹೊಳೆಗೆ ಕಾಲು ಇಳಿಬಿಟ್ಟು ಕೂತ. ಅವನ ಹೆಂಡತಿ ಕೂತಳು. ಅಂಗಾಲಿನ ಜೊತೆ ಮಾತಾಡಿದ್ದ ಪಕ್ಕದ ಮನೆಯವಳೂ ಕೂತಳು. ಒಬ್ಬೊಬ್ಬರಾಗಿ ಊರೇ ಕೂತಿತು. ಅರಮನೆಗೆ ಧಡಂ ಧಡಂ ಕೇಳದ ಹಾಗಾಯಿತು. ಸುದ್ದಿ ತಿಳಿದ ರಾಜ ಕುದಿದುಹೋದ.

"ಇದಕ್ಕೆಲ್ಲ ಆ ಹೊಳೆಯೇ ಕಾರಣ! ಬರಿಗಾಲಲ್ಲಿ ನನ್ನ ರಾಜ್ಯದಲ್ಲಿ ಓಡಾಡುತ್ತಾ ಇದೆ. ಹೊಳೆಗೆ ಜೋಡು ತೊಡಿಸಿ!"

ತೂಕಪ್ಪಯ್ಯ ಹೊಳೆಯ ಕಾಲು ಹುಡುಕಿಸಿದ. ಸಿಗಲಿಲ್ಲ. ಕೊನೆಗೆ ಅವನಿಗೆ ಹೊಳೆಯಿತು. "ಪ್ರಭು, ಹೊಳೆಗೆ ಕಾಲಿಲ್ಲ. ಆದರೆ ಕಾಲುವೆ ಇದೆ." ಅರಮನೆಯ ಪಕ್ಕದಲ್ಲೇ ಒಂದು ಕಾಲುವೆ ಹೋಗುತ್ತಿತ್ತು. ಜನ ಬಿಚ್ಚಿಟ್ಟ ಇಟ್ಟಿಗೆ, ಬೀಸುವ ಕಲ್ಲು, ಅಡಿಗಲ್ಲು ಎಲ್ಲ ಸೇರಿಸಿ ಅದಕ್ಕೊಂದು ದೊಡ್ಡ ಜೋಡು ಮಾಡಿ ತೊಡಿಸಿದರು. ಕಾಲುವೆ ನಿಂತಿತು. ನಿಂತ ನೀರು ಏರಿತು. ಏರಿದ ನೀರು ಅರಮನೆಗೆ ನುಗ್ಗಿತು.

ಮಂತ್ರಿ ಓಡಿದ. ಸೇನಾಪತಿ ಓಡಿದ. ಅವರ ಜೋಡು ಕಾಲುವೆಗೆ ಹೋಗಿತ್ತಲ್ಲ, ಓಡುವುದು ಸುಲಭವಾಯಿತು. ರಾಜ ಮಾತ್ರ ಕೂತೇ ಇದ್ದ. ನೀರು ಮೊಣಕಾಲಿಗೆ ಬಂತು. ಸೊಂಟಕ್ಕೆ ಬಂತು. ಎದೆಗೆ ಬಂತು. ದಡದಿಂದ ನಿಂಗಾಜಮ್ಮ ಕೂಗಿದಳು: "ಕಾಲು ಆಚೆ ತೆಗಿಯಪ್ಪಾ!"

"ತೆಗೆಯಲ್ಲ! ನಾನು ರಾಜ!"

ಆಗ ಎಡಗಾಲಿನ ಜೋಡು ಮೊದಲ ಸಲ ಬಾಯಿ ಬಿಟ್ಟಿತು. "ನೀನು ಹೋಗಪ್ಪ. ರಾಜ್ಯ ನಾವು ನೋಡ್ಕೋತೀವಿ. ಇಷ್ಟು ದಿನ ನೋಡ್ಕೊಂಡಿದ್ದೂ ನಾವೇ ತಾನೆ?"

ರಾಜನಿಗೆ ಅಳು ಬಂತು. ಕಾಲು ಎಳೆದ. ಸಲೀಸಾಗಿ ಬಂತು. ಮೊಳಕೆ ಬಂದ ಹೆಸರುಕಾಳಿನ ಹಾಗೆ ಬೆಳ್ಳಗೆ, ಸಣ್ಣಗೆ ಇದ್ದವು ಆ ಕಾಲು. ಒಣಗಿದ ಸೋರೆಬುರುಡೆಯ ಹಾಗೆ ತೇಲಿಕೊಂಡು ದಡಕ್ಕೆ ಬಂದ. ಸಾಕಮ್ಮ ಒಂಚೂರು ಸರಿದು ಜಾಗ ಕೊಟ್ಟಳು.

"ನನಗೂ ಒಂದು ಜೊತೆ..." ಅಂದ ಅವನು, ಹನುಮಯ್ಯನ ಕಡೆ ನೋಡಿ.

"ಮೊದಲು ನಡೆಯೋದು ಕಲಿ" ಅಂದ ಹನುಮಯ್ಯ.

ಇಷ್ಟಾದರೂ ರಾಜ್ಯ ಹೋಗಲಿಲ್ಲ. ಖಾಲಿ ಕಂಚಿನ ಜೋಡುಗಳು ಅರಮನೆಯಲ್ಲಿ ಕೂತು ಆಳತೊಡಗಿದವು. ಅಲ್ಲಿಂದಲೇ ಅಪ್ಪಣೆ ಕೂಗುತ್ತಿದ್ದವು: "ಎಲೈ ಪ್ರಜೆಗಳಿರಾ! ಎಲ್ಲರೂ ಹೊಳೆಯಿಂದ ಕಾಲು ತೆಗೆಯತಕ್ಕದ್ದು! ಇಲ್ಲವಾದರೆ ಘೋರ ಶಿಕ್ಷೆ!"

ನಿಂಗಾಜಮ್ಮ ಹಪ್ಪಳ ಮುರಿದು ಅಕ್ಕನಿಗೆ ಅರ್ಧ ಕೊಟ್ಟಳು. ನೀರಲ್ಲಿ ಕಾಲಾಡಿಸಿದಳು. ಅರಮನೆಯ ಕಡೆ ತಿರುಗಿಯೂ ನೋಡದೆ ಹೇಳಿದಳು:

"ಹೇಳೋದಿದ್ದರೆ ನಡೆದು ಬಂದು ಹೇಳಲಿ."

ನೀತಿ ಏನು ಅಂತೀರಾ? ಕಾಲು ಒದ್ದೆ ಇರುವವರನ್ನು ನೀತಿ ಕೇಳಬಾರದು, ಒರೆಸಿಕೊಳ್ಳಲಿಕ್ಕೆ ಬಟ್ಟೆ ಕೊಡಬೇಕು. ಕತೆ ನೀರಿಗೆ ಹೋಯಿತು, ಕೇಳಿದವರು ಮನೆಗೆ ಹೋಗಿ.